ಭಾಷಣ ಪ್ರಧಾನಿಯದು, ನೋಟಿಸ್ ಪಕ್ಷದ ಅಧ್ಯಕ್ಷರಿಗೆ: ಇದು ಯಾವ ಲೆಕ್ಕ?

ಮತಪಟ್ಟಿ_ಮಂಜ ಕೇಳಿದ್ದು:

ಪಕ್ಷದ ಪರ-ವಿರೋಧದ ಜಗಳಕ್ಕೆ ಬೇರೆ ಜಾಗ ಇದೆ. ಇಲ್ಲಿ ಪ್ರೊಸೀಜರ್ ಮಾತ್ರ ಕೇಳುತ್ತಿದ್ದೇನೆ.

2024ರ ಏಪ್ರಿಲ್ 21ರಂದು ರಾಜಸ್ಥಾನದ ಬಾಂಸವಾಡಾದಲ್ಲಿ ಪ್ರಧಾನಿ ಮೋದಿ ಮಾಡಿದ ಭಾಷಣ ಎಲ್ಲರಿಗೂ ನೆನಪಿರಬೇಕು. ಕಾಂಗ್ರೆಸ್ ಬಂದರೆ ಜನರ ಆಸ್ತಿಯನ್ನು ನುಸುಳುಕೋರರಿಗೆ, ಹೆಚ್ಚು ಮಕ್ಕಳಿರುವವರಿಗೆ ಹಂಚುತ್ತದೆ ಎಂಬರ್ಥದ ಮಾತು ಅದರಲ್ಲಿತ್ತು. ಕಾಂಗ್ರೆಸ್, ಸಿಪಿಎಂ ದೂರು ಕೊಟ್ಟವು. ಏಪ್ರಿಲ್ 25ಕ್ಕೆ ಚುನಾವಣಾ ಆಯೋಗದ ನೋಟಿಸ್ ಬಂತು, ಆದರೆ ಅದು ಹೋಗಿದ್ದು ಆಗ ಬಿಜೆಪಿ ಅಧ್ಯಕ್ಷರಾಗಿದ್ದ ಜೆ.ಪಿ. ನಡ್ಡಾ ಅವರಿಗೆ. ರಾಹುಲ್ ಗಾಂಧಿ ಭಾಷಣಗಳ ಮೇಲೆ ಬಿಜೆಪಿ ಕೊಟ್ಟಿದ್ದ ದೂರಿಗೂ ಅದೇ ದಿನ ಅದೇ ದಾರಿ, ನೋಟಿಸ್ ಮಲ್ಲಿಕಾರ್ಜುನ ಖರ್ಗೆ ಅವರ ಹೆಸರಿಗೆ. 2019ರಲ್ಲಿ ಯೋಗಿ ಆದಿತ್ಯನಾಥ್, ಮಾಯಾವತಿ ಅವರ ಮೇಲೆ ನೇರವಾಗಿ ಪ್ರಚಾರ ನಿಷೇಧ ಹೇರಿದ್ದ ಆಯೋಗ ಇಲ್ಲಿ ಸುತ್ತು ಬಳಸಿ ಹೋಗಿದ್ದು ಯಾಕೆ?

ಇದರ ಜೊತೆಗೇ ಇನ್ನೆರಡು. ಬಹಿರಂಗ ಪ್ರಚಾರ ಮುಗಿದ ಮೇಲೂ ರಾಷ್ಟ್ರೀಯ ನಾಯಕರ ಸಂದರ್ಶನ, ಬೇರೆ ರಾಜ್ಯದ ರ‍್ಯಾಲಿ ಟಿವಿಯಲ್ಲಿ ಬರುತ್ತಲೇ ಇರುತ್ತದಲ್ಲ, ಅದು ಸರಿಯೇ? ಮತ್ತೆ, ನಮ್ಮ ಜಿಲ್ಲೆಗೆ ಬಂದು ಮಾತಾಡಿ ಹೋದ ದೊಡ್ಡ ನಾಯಕರ ಮೇಲೆ ಸಾಮಾನ್ಯ ಮತದಾರ ದೂರು ಕೊಡಬೇಕಾದರೆ ಯಾರಿಗೆ, ಹೇಗೆ, ಯಾವ ದಾಖಲೆ ಇಟ್ಟು ಕೊಡಬೇಕು?

ಕಲಂ_ನೋಡಿ ಉತ್ತರ:

ಒಂದೇ ಭಾಷಣ ಮೂರು ಬೇರೆ ಬೇರೆ ಕಡೆ ವಿಚಾರಣೆಗೆ ಬರಬಹುದು. ಮಾದರಿ ನೀತಿಸಂಹಿತೆ ಉಲ್ಲಂಘನೆ ಅಂದರೆ ಆಯೋಗ. ಅಪರಾಧ ಅಂದರೆ ಪೊಲೀಸ್ ಠಾಣೆ, ಮ್ಯಾಜಿಸ್ಟ್ರೇಟ್. ಭ್ರಷ್ಟ ಆಚರಣೆ (ಗೆಲುವನ್ನೇ ರದ್ದು ಮಾಡಿಸಬಲ್ಲ ತಪ್ಪು) ಅಂದರೆ ಹೈಕೋರ್ಟ್, ಅದೂ ಫಲಿತಾಂಶದ ನಂತರ. ಮೂರಕ್ಕೂ ಬೇಕಾದ ಪುರಾವೆ ಬೇರೆ, ಗಡುವು ಬೇರೆ, ಸಿಗುವ ಫಲ ಬೇರೆ. ನಮ್ಮಲ್ಲಿ ಹೆಚ್ಚಿನ ದೂರುಗಳು ಮೂರನ್ನೂ ಒಂದೇ ಹಾಳೆಯಲ್ಲಿ ಕಲಸಿ ಕೊಡುತ್ತವೆ. ಅಲ್ಲಿಗೆ ಅರ್ಧ ಸೋತ ಹಾಗೆ.

ನಿಮ್ಮ ಮೊದಲ ಪ್ರಶ್ನೆ ಮೊದಲ ಬಾಗಿಲಿನದು. ನೀತಿಸಂಹಿತೆ ಶಾಸನ ಅಲ್ಲ. 1960ರ ಕೇರಳ ವಿಧಾನಸಭೆ ಚುನಾವಣೆ ಹೊತ್ತಿಗೆ ಪಕ್ಷಗಳು ಒಪ್ಪಿಕೊಂಡ ನಡವಳಿಕೆ ಪಟ್ಟಿಯಿಂದ ಬೆಳೆದುಬಂದದ್ದು. ಅದನ್ನು ಮುರಿದದ್ದಕ್ಕೆ ಇಷ್ಟು ದಂಡ, ಇಷ್ಟು ಜೈಲು ಎಂದು ಎಲ್ಲೂ ಬರೆದಿಲ್ಲ. ಆಯೋಗದ ಕೈಯಲ್ಲಿರುವುದು ಸಂವಿಧಾನದ 324ನೇ ವಿಧಿ ಮತ್ತು ಚಿಹ್ನೆಗಳ ಆದೇಶದ 16ಎ ಪ್ಯಾರಾ. ಎರಡನೆಯದು ಪಕ್ಷದ ಮಾನ್ಯತೆಯನ್ನೇ ಅಮಾನತು ಮಾಡುವ ಅಧಿಕಾರ. ಇಂಥ ಭಾಷಣಕ್ಕೆ ಅದನ್ನು ಯಾರೂ ಮುಟ್ಟುವುದಿಲ್ಲ. ಹಾಗಾಗಿ 324ರಡಿ ಎಚ್ಚರಿಕೆ, ಛೀಮಾರಿ, ಹೆಚ್ಚಾಗಿ 24ರಿಂದ 72 ಗಂಟೆ ಪ್ರಚಾರ ನಿಷೇಧ, ಇಷ್ಟೇ ಚಾಲ್ತಿಯಲ್ಲಿರುವುದು.

2019ರ ಏಪ್ರಿಲ್ 15ರಂದು ಯೋಗಿ ಅವರಿಗೆ 72 ಗಂಟೆ, ಮಾಯಾವತಿ ಅವರಿಗೆ 48, ಆಜಂ ಖಾನ್ ಅವರಿಗೆ 72, ಮೇನಕಾ ಗಾಂಧಿ ಅವರಿಗೆ 48 ಗಂಟೆ ನಿಷೇಧ ಬಿದ್ದದ್ದು ಈ ಅಧಿಕಾರದಲ್ಲೇ. 2021ರ ಏಪ್ರಿಲ್‌ನಲ್ಲಿ ಮಮತಾ ಬ್ಯಾನರ್ಜಿ ಅವರಿಗೆ 24 ಗಂಟೆ, 2024ರ ಮೇ 1ರಿಂದ ಕೆ. ಚಂದ್ರಶೇಖರ ರಾವ್ ಅವರಿಗೆ 48 ಗಂಟೆ. ಮುಖ್ಯಮಂತ್ರಿಗಳಿಗೆ, ಪಕ್ಷದ ಮುಖ್ಯಸ್ಥರಿಗೆ ಬಿದ್ದಿದೆ. ಹಾಲಿ ಪ್ರಧಾನಿಗೆ ಬಿದ್ದಿಲ್ಲ.

2024ರಲ್ಲಿ ಆಯೋಗ ಹಿಡಿದದ್ದು ಜನಪ್ರಾತಿನಿಧ್ಯ ಕಾಯ್ದೆಯ ಕಲಂ 77. ಅದು ಮೂಲತಃ ಖರ್ಚಿನ ಕಲಂ. ಮಾನ್ಯತೆ ಪಡೆದ ಪಕ್ಷ 40, ಉಳಿದ ನೋಂದಾಯಿತ ಪಕ್ಷ 20 ತಾರಾ ಪ್ರಚಾರಕರ ಪಟ್ಟಿಯನ್ನು ಅಧಿಸೂಚನೆ ಹೊರಬಿದ್ದ 7 ದಿನದೊಳಗೆ ಕೊಟ್ಟರೆ, ಆ ನಾಯಕರ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದಿಲ್ಲ. ಆಯೋಗದ ವಾದ ಸರಳ: ಪಟ್ಟಿ ಕೊಟ್ಟವರು ನೀವು, ವಿನಾಯಿತಿ ಅನುಭವಿಸುವವರು ನೀವು, ಹಾಗಾಗಿ ಅವರ ಮಾತಿಗೆ ಮೊದಲ ಹೊಣೆಯೂ ನಿಮ್ಮದೇ. ಉನ್ನತ ಸ್ಥಾನದಲ್ಲಿರುವವರ ಮಾತಿನ ಪರಿಣಾಮ ಹೆಚ್ಚು ಗಂಭೀರ ಎಂದೂ ಆಯೋಗ ಹೇಳಿತು. ಹೇಳಿ, ನೋಟಿಸನ್ನು ಮಾತ್ರ ಆ ಸ್ಥಾನದಲ್ಲಿರುವವರಿಗೆ ಕೊಡಲಿಲ್ಲ.

ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. ಭಾಷಣ ಏಪ್ರಿಲ್ 21. ನೋಟಿಸ್ 25. ಬಾಂಸವಾಡಾದಲ್ಲಿ ಮತದಾನ 26. ಉತ್ತರಕ್ಕೆ ಗಡುವು 29ರ ಬೆಳಿಗ್ಗೆ 11. ಅಂತಿಮ ಆದೇಶ ಮೇ 22, ಅಷ್ಟರಲ್ಲಿ 7 ಹಂತಗಳಲ್ಲಿ 5 ಮುಗಿದಿದ್ದವು. ಆದೇಶದಲ್ಲಿ ಇದ್ದದ್ದೇನು? ಸಮಾಜ ಒಡೆಯುವಂಥ ಹೇಳಿಕೆ ನೀಡದಂತೆ ನಿಮ್ಮ ಪ್ರಚಾರಕರಿಗೆ ತಿಳಿಸಿ ಎಂದು ನಡ್ಡಾ ಅವರಿಗೆ. ಸಂವಿಧಾನವನ್ನೇ ರದ್ದು ಮಾಡುತ್ತಾರೆ ಎಂಬ ಭಾವನೆ ಹುಟ್ಟಿಸುವ ಮಾತು ಬೇಡ, ಸೇನೆಯನ್ನು ರಾಜಕೀಯಕ್ಕೆ ಎಳೆಯಬೇಡಿ ಎಂದು ಖರ್ಗೆ ಅವರಿಗೆ. ನೀತಿಸಂಹಿತೆ ಬಾಗಿಲಲ್ಲಿ ಇದಕ್ಕಿಂತ ಹೆಚ್ಚು ನಿರೀಕ್ಷಿಸುವವರು ನಿರಾಶರಾಗುವುದು ಖಂಡಿತ.

ಗಡುವು_48 ಉತ್ತರ:

ಟಿವಿ ಪ್ರಶ್ನೆಗೆ ನಾನು ಹೇಳುತ್ತೇನೆ. ಜನಪ್ರಾತಿನಿಧ್ಯ ಕಾಯ್ದೆಯ ಕಲಂ 126 ಓದುವಾಗ ಎರಡು ಪದಗಳ ಮೇಲೆ ಬೆರಳಿಡಿ: 'ಮತದಾನ ಪ್ರದೇಶದಲ್ಲಿ'. ನಿಷೇಧ ದೇಶಕ್ಕೆಲ್ಲ ಅಲ್ಲ, ಆ ಹಂತದಲ್ಲಿ ಮತದಾನ ಇರುವ ಕಡೆ ಮಾತ್ರ. ಅವಧಿ ಮತದಾನ ಮುಗಿಯುವ ಗಂಟೆಯಿಂದ ಹಿಂದಕ್ಕೆ 48 ಗಂಟೆ. ಸಂಜೆ 6ಕ್ಕೆ ಮತದಾನ ಮುಗಿಯುತ್ತದೆ ಎಂದಿದ್ದರೆ ಎರಡು ದಿನ ಹಿಂದಿನ ಸಂಜೆ 6ರಿಂದ ಶುರು. ಬೆಳಿಗ್ಗೆ 7ರಿಂದ ಎಣಿಸುವವರು ಈಗಲೂ ಇದ್ದಾರೆ, ಅದು ತಪ್ಪು.

ಆ ಅವಧಿಯಲ್ಲಿ ಸಭೆ, ಮೆರವಣಿಗೆ ನಡೆಸುವಂತಿಲ್ಲ, ಸೇರುವಂತಿಲ್ಲ, ಮಾತಾಡುವಂತಿಲ್ಲ. ಸಿನಿಮಾ, ಟಿವಿ ಅಥವಾ 'ಅಂಥದೇ ಇತರ ಉಪಕರಣ'ದಲ್ಲಿ ಚುನಾವಣಾ ವಿಷಯ ತೋರಿಸುವಂತಿಲ್ಲ. ಸಂಗೀತ, ನಾಟಕ ಮಾಡಿ ಜನ ಸೇರಿಸಿ ಪ್ರಚಾರ ಮಾಡುವಂತಿಲ್ಲ. ಶಿಕ್ಷೆ 2 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಪತ್ರಿಕೆ ಈ ಕಲಮಿನೊಳಗೆ ಇಲ್ಲವೇ ಇಲ್ಲ. ಅದಕ್ಕೇ ಮತದಾನದ ದಿನ ಬೆಳಿಗ್ಗೆಯೂ ಮುಖಪುಟ ಜಾಹೀರಾತು ನೋಡುತ್ತೀರಿ. ಮತದಾನದ ದಿನ ಮತ್ತು ಅದರ ಹಿಂದಿನ ದಿನದ ಪತ್ರಿಕಾ ಜಾಹೀರಾತಿಗೆ ಜಾಹೀರಾತು ಪರಿಶೀಲಿಸುವ ಎಂಸಿಎಂಸಿ ಸಮಿತಿಯ ಪೂರ್ವಾನುಮತಿ ಬೇಕು, ಅಷ್ಟೇ.

ಈಗ ಹಂತಗಳ ಗೊಂದಲ. 2024ರಲ್ಲಿ ಕರ್ನಾಟಕದ 14 ಕ್ಷೇತ್ರಕ್ಕೆ ಏಪ್ರಿಲ್ 26, ಉಳಿದ 14ಕ್ಕೆ ಮೇ 7. ಏಪ್ರಿಲ್ 24ರ ಸಂಜೆ 6ರ ನಂತರ ಬೆಂಗಳೂರು, ಮೈಸೂರಿನಲ್ಲಿ ಮೈಕ್ ಬಂದ್. ಹುಬ್ಬಳ್ಳಿ, ಕಲಬುರಗಿಯಲ್ಲಿ ಪ್ರಚಾರ ಕಾನೂನುಬದ್ಧ. ಎರಡೂ ಕಡೆ ಮನೆಯಲ್ಲಿ ಓಡುವುದು ಅದೇ ಕನ್ನಡ ಚಾನೆಲ್. ಆಯೋಗ ಪ್ರತಿ ಸಲ ಮಾಧ್ಯಮಕ್ಕೆ ಕೊಡುವ ಸೂಚನೆಯಲ್ಲಿ ಇದಕ್ಕೊಂದು ತೇಪೆ ಇದೆ: ಒಂದು ಕಡೆ ಪ್ರಚಾರ ನಡೆಯುವಾಗ, ಮೌನ ಅವಧಿಯಲ್ಲಿರುವ ಕ್ಷೇತ್ರದ ಪಕ್ಷ ಅಥವಾ ಅಭ್ಯರ್ಥಿ ಪರ ನೇರವಾಗಿಯೋ ಪರೋಕ್ಷವಾಗಿಯೋ ಮತ ಕೇಳಬಾರದು. ತಾರಾ ಪ್ರಚಾರಕರು ಆ ಅವಧಿಯಲ್ಲಿ ಪತ್ರಿಕಾಗೋಷ್ಠಿ, ಸಂದರ್ಶನಗಳಿಂದ ದೂರ ಇರಬೇಕು. ಇದು ಸಲಹೆ. ಪ್ರಧಾನಿ ಬೇರೆ ರಾಜ್ಯದ ವೇದಿಕೆಯಿಂದ ಇಡೀ ದೇಶಕ್ಕೆ ಮಾತಾಡಿದರೆ, ನಿಮ್ಮ ಕ್ಷೇತ್ರದ ಹೆಸರೆತ್ತದ ತನಕ 126 ಅಂಟಿಸುವುದು ಕಷ್ಟ.

ನಡೆದ ಪ್ರಕರಣ ನೋಡಿ, ಕಲಂ ಎಷ್ಟು ಜಾರುತ್ತದೆ ಗೊತ್ತಾಗುತ್ತದೆ. 2014ರ ಏಪ್ರಿಲ್ 30ರಂದು ಅಹಮದಾಬಾದ್‌ನಲ್ಲಿ ಮತ ಹಾಕಿ ಹೊರಬಂದ ಮೋದಿ (ಆಗ ಪ್ರಧಾನಿ ಅಭ್ಯರ್ಥಿ) ಕಮಲದ ಗುರುತು ಹಿಡಿದು ಮಾಧ್ಯಮದ ಮುಂದೆ ಮಾತಾಡಿದರು. ಆಯೋಗ ಅದೇ ದಿನ 126(1)(ಎ) ಮತ್ತು (ಬಿ) ಅಡಿ ಎಫ್‌ಐಆರ್‌ಗೆ ಆದೇಶ ಮಾಡಿತು. ಎಫ್‌ಐಆರ್ ಆಯಿತು, ನಂತರ ಮುಕ್ತಾಯ ವರದಿಯೂ ಆಯಿತು. 2017ರ ಡಿಸೆಂಬರ್ 13, ಗುಜರಾತ್ ಎರಡನೇ ಹಂತದ ಹಿಂದಿನ ದಿನ, ರಾಹುಲ್ ಗಾಂಧಿ ಟಿವಿ ಸಂದರ್ಶನ ಕೊಟ್ಟರು. ಅವತ್ತೇ ನೋಟಿಸ್, ಕೆಲವೇ ದಿನದಲ್ಲಿ ಅದು ವಾಪಸ್, ಆಮೇಲೆ 126ನ್ನು ಪರಿಶೀಲಿಸಲು ಸಮಿತಿ.

ಇಂಟರ್ನೆಟ್ ಕಥೆ ಇನ್ನೂ ಸಡಿಲ. ಕರ್ನಾಟಕದಲ್ಲಿ 2023ರ ಮೇ 10ರ ಮತದಾನದ ಮುನ್ನ ಪ್ರಧಾನಿಯ ವಿಡಿಯೊ ಸಂದೇಶ ಹರಿದಾಡಿತು. ಮೌನ ಅವಧಿ ಉಲ್ಲಂಘನೆ ಎಂದು ಕಾಂಗ್ರೆಸ್ ದೂರಿತು. ಫೋನಿನ ವಿಡಿಯೊ 'ಅಂಥದೇ ಇತರ ಉಪಕರಣ' ಹೌದು ಎನ್ನಲು ಬೇಕಾದಷ್ಟು ವಾದ ಇದೆ, ಆದರೆ ಕಾಯ್ದೆಯಲ್ಲಿ ಆ ಮಾತು ಬಂದಿಲ್ಲ. ಈಗ ಕೆಲಸ ನಡೆಯುತ್ತಿರುವುದು 2019ರ ಮಾರ್ಚ್‌ನಲ್ಲಿ ಸಾಮಾಜಿಕ ಜಾಲತಾಣ ಕಂಪನಿಗಳು ಒಪ್ಪಿಕೊಂಡ ಸ್ವಯಂ ಸಂಹಿತೆ ಮೇಲೆ: 126ರಡಿ ಆಯೋಗ ಹೇಳಿದರೆ 3 ಗಂಟೆಯೊಳಗೆ ಕ್ರಮ. ಆಯೋಗ ಹೇಳಬೇಕು, ನೀವು ರಿಪೋರ್ಟ್ ಬಟನ್ ಒತ್ತಿದರೆ ಆ 3 ಗಂಟೆ ಶುರುವಾಗುವುದಿಲ್ಲ.

ಪ್ರಧಾನಿಯ ಕನ್ಯಾಕುಮಾರಿ ಧ್ಯಾನದ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. 2024ರ ಮೇ 30ರಿಂದ ಜೂನ್ 1. ದೂರು ಹೋಗಿತ್ತು, ತಡೆ ಬೀಳಲಿಲ್ಲ. ಮಾತಿಲ್ಲದ ದೃಶ್ಯ ಚುನಾವಣಾ ವಿಷಯವೇ? ಫಲಿತಾಂಶದ ಮೇಲೆ ಪ್ರಭಾವ ಬೀರುವ ಉದ್ದೇಶದ 'ಯಾವುದೇ ವಿಷಯ' ಎಂದು ಕಲಮಿನ ವ್ಯಾಖ್ಯೆ ಅಗಲವಾಗಿದೆ. ಉದ್ದೇಶ ರುಜುವಾತು ಮಾಡುವುದು ದೂರುದಾರನ ತಲೆನೋವು.

ಮತಪಟ್ಟಿ_ಮಂಜ:

ಇಬ್ಬರಿಗೂ ಧನ್ಯವಾದ. ಒಂದು ಅನುಮಾನ. ಉಪಗ್ರಹ ಹೊಡೆದುರುಳಿಸಿದ್ದನ್ನು ಪ್ರಧಾನಿ ಪ್ರಕಟಿಸಿದ 'ಮಿಷನ್ ಶಕ್ತಿ' ಭಾಷಣ, 2019ರ ಮಾರ್ಚ್ 27, ನೀತಿಸಂಹಿತೆ ಜಾರಿಯಲ್ಲಿದ್ದಾಗಲೇ ದೂರದರ್ಶನದಲ್ಲಿ ಬಂತಲ್ಲ? ಸರ್ಕಾರಿ ಮಾಧ್ಯಮ ಬಳಸಬಾರದು ಎಂದು ಸಂಹಿತೆಯಲ್ಲೇ ಇದೆ.

ಕಲಂ_ನೋಡಿ:

ಇದೆ, ಏಳನೇ ಭಾಗದ ನಾಲ್ಕನೇ ಅಂಶ. ಆಯೋಗ ನೇಮಿಸಿದ ಅಧಿಕಾರಿಗಳ ಸಮಿತಿ ಎರಡೇ ದಿನದಲ್ಲಿ ವರದಿ ಕೊಟ್ಟಿತು. ದೂರದರ್ಶನ ಆ ದೃಶ್ಯವನ್ನು ಸುದ್ದಿ ಏಜೆನ್ಸಿಯಿಂದ ಪಡೆದಿತ್ತು, ಆಕಾಶವಾಣಿ ದೂರದರ್ಶನದ ಧ್ವನಿಯನ್ನು ತೆಗೆದುಕೊಂಡಿತ್ತು, ಹಾಗಾಗಿ ಸರ್ಕಾರಿ ಮಾಧ್ಯಮದ 'ದುರುಪಯೋಗ' ಅನ್ವಯಿಸುವುದಿಲ್ಲ ಎಂದಿತು. ಏನು ಹೇಳಿದರು ಎನ್ನುವುದಕ್ಕಿಂತ ಕೇಬಲ್ ಎಲ್ಲಿಂದ ಬಂತು ಎನ್ನುವುದರ ಮೇಲೆ ತೀರ್ಮಾನ ನಿಂತಿತು. ದೂರು ಬರೆಯುವವರು ಇದನ್ನು ಗಮನಿಸಬೇಕು, ಇಂಥ ಅಂಶ ಮೊದಲೇ ಪತ್ತೆ ಮಾಡಿ ಬರೆಯದಿದ್ದರೆ ಆಮೇಲೆ ಸೇರಿಸುವುದು ಕಷ್ಟ.

ವಿಎಸ್‌ಟಿ_ಕ್ಯಾಮೆರಾ ಉತ್ತರ:

ದೂರು ಕೊಡುವ ಬಗೆ ಬಗ್ಗೆ ಬರೆಯುತ್ತೇನೆ.

ಮೊದಲಿಗೆ, ಸಿ-ವಿಜಿಲ್ (ಆಯೋಗದ ದೂರಿನ ಆ್ಯಪ್) ಈ ಕೆಲಸಕ್ಕೆ ಸಾಲದು. ಅದರಲ್ಲಿ ವಿಡಿಯೊ ಮಿತಿ 2 ನಿಮಿಷ, ಸ್ಥಳದಲ್ಲೇ ನಿಂತು ಆ್ಯಪ್ ಒಳಗೇ ತೆಗೆಯಬೇಕು, ಗ್ಯಾಲರಿಯಿಂದ ಹಾಕಲು ಬರುವುದಿಲ್ಲ. 100 ನಿಮಿಷದ ಲೆಕ್ಕ ಹೊಂದುವುದು ಹಣ, ಹೆಂಡ, ಸೀರೆ, ಅನುಮತಿ ಇಲ್ಲದ ಬ್ಯಾನರ್ ಥರದ್ದಕ್ಕೆ: 5 ನಿಮಿಷದಲ್ಲಿ ತಂಡಕ್ಕೆ ಹಂಚಿಕೆ, 15ರಲ್ಲಿ ಸ್ಥಳಕ್ಕೆ, 30ರಲ್ಲಿ ಕ್ರಮ, 50ರಲ್ಲಿ ಚುನಾವಣಾಧಿಕಾರಿಯ ತೀರ್ಮಾನ. ಮುಕ್ಕಾಲು ಗಂಟೆ ಭಾಷಣದ ಅರ್ಥ ತೂಗಿ ನೋಡುವುದು ಫ್ಲೈಯಿಂಗ್ ಸ್ಕ್ವಾಡ್ ಕೆಲಸ ಅಲ್ಲ.

ಭಾಷಣದ ದೂರು ಲಿಖಿತವಾಗಿ ಹೋಗಬೇಕು. ಆ ಜಾಗ ಯಾವ ಲೋಕಸಭಾ ಅಥವಾ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತದೋ ಅದರ ಚುನಾವಣಾಧಿಕಾರಿಗೆ ಒಂದು, ಜಿಲ್ಲಾ ಚುನಾವಣಾಧಿಕಾರಿಗೆ ಒಂದು, ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಒಂದು, ದಿಲ್ಲಿಗೆ ಒಂದು ಪ್ರತಿ. ಜಿಲ್ಲೆ ಬೇರೆ, ಕ್ಷೇತ್ರ ಬೇರೆ ಎಂಬುದು ಮರೆಯಬೇಡಿ. 2019ರ ಏಪ್ರಿಲ್ 9ರಂದು ಮೊದಲ ಸಲದ ಮತದಾರರು ಬಾಲಾಕೋಟ್ ವೀರರಿಗೆ, ಪುಲ್ವಾಮಾ ಹುತಾತ್ಮರಿಗೆ ಮತ ಅರ್ಪಿಸಬಹುದೇ ಎಂದು ಪ್ರಧಾನಿ ಕೇಳಿದ್ದು ಲಾತೂರ್ ಜಿಲ್ಲೆಯ ಔಸಾದಲ್ಲಿ. ಔಸಾ ಇರುವುದು ಉಸ್ಮಾನಾಬಾದ್ ಲೋಕಸಭಾ ಕ್ಷೇತ್ರದಲ್ಲಿ. ಹಾಗಾಗಿ ಆಯೋಗ ನೋಡಿದ್ದು ಉಸ್ಮಾನಾಬಾದ್ ಚುನಾವಣಾಧಿಕಾರಿ ಕಳಿಸಿದ 11 ಪುಟದ ದೃಢೀಕೃತ ಭಾಷಣಪ್ರತಿಯನ್ನು. ನಮ್ಮಲ್ಲಿ ಲೆಕ್ಕ ಹಾಕಿ: ಶಿರಸಿಯವರದು ಉತ್ತರ ಕನ್ನಡ ಕ್ಷೇತ್ರ ಸರಿ, ಆದರೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಕೂಡ ಅದೇ ಕ್ಷೇತ್ರಕ್ಕೆ ಸೇರುತ್ತವೆ. ಖಾನಾಪುರದ ಭಾಷಣದ ದೂರನ್ನು ಬೆಳಗಾವಿ ಕ್ಷೇತ್ರದವರಿಗೆ ಮಾತ್ರ ಕೊಟ್ಟರೆ 'ಸಂಬಂಧಪಟ್ಟವರಿಗೆ ರವಾನಿಸಲಾಗಿದೆ' ಎಂಬ ಹಿಂಬರಹದಲ್ಲಿ ದಿನ ಹೋಗುತ್ತದೆ.

ಆಯೋಗ ತೀರ್ಮಾನಿಸುವುದು ಪೂರ್ತಿ ಭಾಷಣಪ್ರತಿ ಮೇಲೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ 40 ಸೆಕೆಂಡ್ ತುಣುಕಿನ ಮೇಲೆ ಅಲ್ಲ. ಪೂರ್ತಿ ವಿಡಿಯೊ ಹಿಡಿದುಕೊಂಡು, ನಿಮ್ಮ ಆಕ್ಷೇಪದ ಸಾಲಿಗೆ ಮೊದಲಿನ ಒಂದೆರಡು ನಿಮಿಷ, ನಂತರದ ಒಂದೆರಡು ನಿಮಿಷ ಸೇರಿಸಿ, ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡ್ ಎಂದು ಬರೆದು ಕೊಡಿ. ನಾಯಕರು ಹಿಂದಿಯಲ್ಲಿ ಮಾತಾಡಿ ವೇದಿಕೆಯಲ್ಲೇ ಕನ್ನಡಕ್ಕೆ ಅನುವಾದ ಆಗಿದ್ದರೆ ಎರಡನ್ನೂ ಬೇರೆ ಬೇರೆ ಬರೆಯಿರಿ. ಅನುವಾದಕರು ಸೇರಿಸಿದ ಮಾತನ್ನು ನಾಯಕರ ತಲೆಗೆ ಕಟ್ಟಿದರೆ ದೂರು ಅಲ್ಲೇ ಬೀಳುತ್ತದೆ.

ಪಕ್ಷದ ಖಾತೆಯ ಪೋಸ್ಟ್ ಮತ್ತು ಭಾಷಣ, ಇವೂ ಎರಡು ಬೇರೆ ದಾಖಲೆ. 2023ರ ಮೇ 6ರಂದು ಸೋನಿಯಾ ಗಾಂಧಿ ಹುಬ್ಬಳ್ಳಿಯಲ್ಲಿ ಮಾತಾಡಿದರು. ಕರ್ನಾಟಕದ 'ಸಾರ್ವಭೌಮತ್ವ' ಎಂಬ ಪದ ಬಂದದ್ದು ಕಾಂಗ್ರೆಸ್ ಖಾತೆಯ ಟ್ವೀಟ್‌ನಲ್ಲಿ. ಮೇ 8ರಂದು ಖರ್ಗೆ ಅವರಿಗೆ ಹೋದ ಆಯೋಗದ ಪತ್ರ ಆ ಪೋಸ್ಟ್ ಬಗ್ಗೆ ಸ್ಪಷ್ಟೀಕರಣ ಕೇಳಿ, ಸರಿಪಡಿಸಿ ಎಂದಿತು. ಇಂಥ ಕಡೆ ಪೋಸ್ಟ್‌ನ ವಿಳಾಸ, ಸಮಯ ಕಾಣುವ ಸ್ಕ್ರೀನ್‌ಶಾಟ್ ಒಂದು ಅನುಬಂಧ, ಭಾಷಣದ ವಿಡಿಯೊ ಇನ್ನೊಂದು ಅನುಬಂಧ.

ದೂರಿನಲ್ಲಿ 'ನೀತಿಸಂಹಿತೆ ಉಲ್ಲಂಘನೆಯಾಗಿದೆ' ಎಂದಷ್ಟೇ ಬರೆದರೆ ಸಾಲದು. ಒಂದನೇ ಭಾಗದ ಯಾವ ಅಂಶ ಅಂತ ಹೇಳಿ. ಜಾತಿ, ಧರ್ಮ, ಭಾಷೆಯ ನಡುವೆ ದ್ವೇಷ ಹೆಚ್ಚಿಸುವುದು ಒಂದನೇ ಅಂಶ. ಖಾಸಗಿ ಬದುಕಿನ ಟೀಕೆ, ಪರಿಶೀಲಿಸದ ಆರೋಪ ಎರಡನೆಯದು. ಜಾತಿ ಅಥವಾ ಧರ್ಮದ ಹೆಸರಲ್ಲಿ ಮತ ಕೇಳುವುದು, ಗುಡಿ ಮಸೀದಿ ಚರ್ಚನ್ನು ಪ್ರಚಾರಕ್ಕೆ ಬಳಸುವುದು ಮೂರನೆಯದು. ಬಾಂಸವಾಡಾ ಥರದ್ದು ಒಂದನೆಯದಕ್ಕೆ, ಮತ ಹಾಕುವಾಗ ದೇವರ ಜಯಕಾರ ಹೇಳಿ ಎನ್ನುವ ಥರದ್ದು ಮೂರನೆಯದಕ್ಕೆ. ಎರಡನ್ನೂ ಬೆರೆಸಿದರೆ ಉತ್ತರ ಕೊಡುವವರಿಗೆ ಸುಲಭವಾದದ್ದನ್ನು ಆರಿಸಿಕೊಳ್ಳುವ ಅವಕಾಶ ಮಾಡಿಕೊಟ್ಟ ಹಾಗೆ.

ಸಭೆಯನ್ನು ಆಡಳಿತದ ವಿಡಿಯೊ ಕಣ್ಗಾವಲು ತಂಡ, ಅಂದರೆ ವಿಎಸ್‌ಟಿ, ಚಿತ್ರೀಕರಿಸಿರುತ್ತದೆ. ಶುರುವಿನಲ್ಲೇ ಕ್ಯಾಮೆರಾದವರು ದಿನಾಂಕ, ಜಾಗ, ಪಕ್ಷ, ಅಭ್ಯರ್ಥಿ ಹೆಸರನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಬೇಕು, ಕುರ್ಚಿ, ವೇದಿಕೆ ಅಳತೆ, ವಾಹನ ಎಲ್ಲ ಬರಬೇಕು. ಇದು ಖರ್ಚಿನ ಲೆಕ್ಕಕ್ಕೆ ಅಂತ ಮಾಡಿದ್ದು, ಮಾತಿಗೂ ಸಾಕ್ಷಿ ಆಗುತ್ತದೆ. ದೂರಿನಲ್ಲೇ 'ಈ ದಿನದ ವಿಎಸ್‌ಟಿ ಚಿತ್ರೀಕರಣ ಕಾಯ್ದಿರಿಸಬೇಕು, ಪ್ರತಿ ಕೊಡಬೇಕು' ಎಂದು ಒಂದು ಸಾಲು ಸೇರಿಸಿ. 2025ರ ಮೇ ಕೊನೆಯಲ್ಲಿ ಬಂದ ಆಯೋಗದ ಸೂಚನೆ ಪ್ರಕಾರ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಇಲ್ಲದಿದ್ದರೆ ಚುನಾವಣಾ ಪ್ರಕ್ರಿಯೆಯ ವಿಡಿಯೊಗಳನ್ನು ಫಲಿತಾಂಶದ 45 ದಿನದ ನಂತರ ಇಟ್ಟುಕೊಳ್ಳಬೇಕಾಗಿಲ್ಲ. 2024ರ ಡಿಸೆಂಬರ್‌ನ ನಿಯಮ ತಿದ್ದುಪಡಿ ಆದ ಮೇಲೆ ಎಲೆಕ್ಟ್ರಾನಿಕ್ ದಾಖಲೆ ಕೇಳಿದ ಕೂಡಲೇ ಸಿಗುತ್ತದೆ ಎಂದೂ ನಂಬಿ ಕೂರಬೇಡಿ.

ಠಾಣೆ_ಬಾಗಿಲು ಉತ್ತರ:

ಕಲಂ_ನೋಡಿ ಅವರ 77ರ ವಿವರಣೆಗೆ ಒಂದು ತಕರಾರು. ಆ ಕಲಂ ಆಯೋಗಕ್ಕೆ ಅಷ್ಟು ಬಲ ಕೊಡುತ್ತದೆಯೇ? 2020ರ ಅಕ್ಟೋಬರ್ 30ರಂದು ಮಧ್ಯಪ್ರದೇಶ ಉಪಚುನಾವಣೆಯಲ್ಲಿ ಕಮಲನಾಥ್ ಅವರ ತಾರಾ ಪ್ರಚಾರಕ ಸ್ಥಾನವನ್ನು ಆಯೋಗ ಕಿತ್ತುಹಾಕಿತು. ನವೆಂಬರ್ 2ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಪಕ್ಷದ ನಾಯಕ ಯಾರು ಎಂದು ಪಕ್ಷ ಹೇಳಬೇಕು, ಆಯೋಗಕ್ಕೆ ಆ ಅಧಿಕಾರ ಎಲ್ಲಿದೆ ಎಂಬುದೇ ಅಲ್ಲಿ ಎದ್ದ ಪ್ರಶ್ನೆ. ತಡೆ ಬಂದಾಗ ಪ್ರಚಾರ ಮುಗಿದಿತ್ತು, ಮರುದಿನ ಮತದಾನ. ನನ್ನ ಪ್ರಕಾರ 2024ರಲ್ಲಿ ಆಯೋಗ 77ನ್ನು ಹಿಡಿದು ಅಧ್ಯಕ್ಷರಿಗೆ ಬುದ್ಧಿ ಹೇಳುವಲ್ಲಿಗೆ ನಿಲ್ಲಿಸಿದ್ದರಲ್ಲಿ ಆ ತಡೆಯ ನೆನಪೂ ಇದೆ.

ಇನ್ನು ಪೊಲೀಸ್ ದಾರಿ. ಹೆಚ್ಚು ಜನ ಎಡವುವುದು ಇಲ್ಲೇ. 126ಕ್ಕೆ 2 ವರ್ಷದವರೆಗಿನ ಶಿಕ್ಷೆ, ಹಾಗಾಗಿ ಅಸಂಜ್ಞೇಯ, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ದೂರಿನ ದಾಖಲೆ) ಮಾಡಿ, ಮ್ಯಾಜಿಸ್ಟ್ರೇಟ್ ಅನುಮತಿ ಪಡೆದೇ ತನಿಖೆ. ಹಳೆಯ ಸಿಆರ್‌ಪಿಸಿ 155(2), 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 174(2). ಠಾಣೆಯವರ ಪತ್ರದ ಅಂಚಿನಲ್ಲೇ 'ಅನುಮತಿಸಲಾಗಿದೆ' ಎಂದು ಒಂದು ಪದ ಗೀಚಿದ ಅನುಮತಿಗಳ ಮೇಲೆ ನಡೆದ ಪ್ರಕರಣಗಳನ್ನು ಕರ್ನಾಟಕ ಹೈಕೋರ್ಟ್ ಬೇಕಾದಷ್ಟು ಸಲ ರದ್ದು ಮಾಡಿದೆ. ಕಾರಣ ಬರೆದ ಆದೇಶ ಇದೆಯೇ ಎಂದು ನೋಡಿಕೊಳ್ಳುವುದು ದೂರುದಾರನಿಗೇ ಒಳ್ಳೆಯದು. ಅಧಿಕಾರಿಯ ಆದೇಶ ಮೀರಿದ್ದಕ್ಕೆ ಐಪಿಸಿ 188, ಈಗಿನ ಬಿಎನ್‌ಎಸ್ 223 ಹಾಕಿದರೆ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಲು ಸಂಬಂಧಪಟ್ಟ ಅಧಿಕಾರಿಯ ಲಿಖಿತ ದೂರೇ ಬೇಕು, ಖಾಸಗಿ ವ್ಯಕ್ತಿಯದು ನಡೆಯದು. ದ್ವೇಷ ಭಾಷಣದ 153ಎ, ಈಗಿನ ಬಿಎನ್‌ಎಸ್ 196 ಆದರೆ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು. ಚುನಾವಣೆ ನೆಪದಲ್ಲಿ ವರ್ಗಗಳ ನಡುವೆ ವೈರ ಬಿತ್ತುವುದಕ್ಕೆ ಜನಪ್ರಾತಿನಿಧ್ಯ ಕಾಯ್ದೆಯದೇ 125 ಇದೆ, 3 ವರ್ಷದವರೆಗೆ.

ಧರ್ಮ, ಜಾತಿ ಹೆಸರಲ್ಲಿ ಮತ ಕೇಳುವುದರ ಬಗೆಗಿನ ಅದೇ ಕಾಯ್ದೆಯ 123(3) ಅಡಿ ಎಫ್‌ಐಆರ್ ಮಾಡಿ ಎಂದು ಮಾತ್ರ ಕೇಳಬೇಡಿ. ಅದು ಅಪರಾಧದ ಕಲಂ ಅಲ್ಲ, ಚುನಾವಣೆ ರದ್ದತಿಗೆ ಆಧಾರ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೂ ಅಂಥ ಎಫ್‌ಐಆರ್ ಆಗಿತ್ತು, ಆಯೋಗದವರೇ ಹೆಮ್ಮೆಯಿಂದ ಪ್ರಕಟಿಸಿದ್ದರು. ಕಲಮಿನಲ್ಲಿ ಶಿಕ್ಷೆಯೇ ಇಲ್ಲದಾಗ ಚಾರ್ಜ್‌ಶೀಟಿನಲ್ಲಿ ಏನು ಬರೆಯುತ್ತಾರೆ?

ಭಾಷಣ ನಿಜವಾಗಿ ದುಬಾರಿಯಾದದ್ದು ಬೇರೆ ದಾರಿಯಲ್ಲಿ. 2019ರ ಏಪ್ರಿಲ್ 13ರಂದು ಕೋಲಾರದಲ್ಲಿ ರಾಹುಲ್ ಗಾಂಧಿ ಆಡಿದ 'ಮೋದಿ' ಉಪನಾಮದ ಮಾತಿಗೆ ಆಯೋಗವೂ ಬೇಕಾಗಲಿಲ್ಲ, ಕೋಲಾರ ಪೊಲೀಸರೂ ಬೇಕಾಗಲಿಲ್ಲ. ಸೂರತ್‌ನಲ್ಲಿ ಖಾಸಗಿ ಮಾನನಷ್ಟ ದೂರು. 2023ರ ಮಾರ್ಚ್ 23ಕ್ಕೆ 2 ವರ್ಷ ಶಿಕ್ಷೆ, ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಆಗಸ್ಟ್ 4ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ಆಗಸ್ಟ್ 7ಕ್ಕೆ ವಾಪಸ್ ಬಂತು. ಸರಿಯಾಗಿ 2 ವರ್ಷ ಎಂಬುದೇ ಅನರ್ಹತೆಯ ಗೆರೆ. ಒಂದು ದಿನ ಕಡಿಮೆ ಇದ್ದಿದ್ದರೆ ಸ್ಥಾನ ಉಳಿಯುತ್ತಿತ್ತು.

ಮತಪಟ್ಟಿ_ಮಂಜ:

ಹಾಗಾದರೆ ಮೂರನೇ ಬಾಗಿಲು, ಹೈಕೋರ್ಟ್, ಅಲ್ಲಿ ರಾಷ್ಟ್ರೀಯ ನಾಯಕರ ಮಾತಿನಿಂದ ಯಾರದಾದರೂ ಗೆಲುವು ರದ್ದಾಗಿದೆಯಾ? ಮಾತಾಡಿದವರು ಆ ಕ್ಷೇತ್ರದ ಅಭ್ಯರ್ಥಿಯೇ ಆಗಿರುವುದಿಲ್ಲವಲ್ಲ.

ಕಲಂ_ನೋಡಿ:

ಪಕ್ಷದ ನಾಯಕರ ಮಾತಿನಿಂದ ರದ್ದಾಗಿದೆ. ಮುಂಬಯಿಯ ವಿಲೆ ಪಾರ್ಲೆ ಉಪಚುನಾವಣೆ, 1987ರ ಡಿಸೆಂಬರ್. ಅಭ್ಯರ್ಥಿ ಡಾ. ರಮೇಶ್ ಪ್ರಭು, ಭಾಷಣ ಬಾಳ ಠಾಕ್ರೆ ಅವರದು. ಹಿಂದೂಗಳ ಹೆಸರಲ್ಲಿ ಮತ ಕೇಳಿದ ಆ ಸಭೆಗಳ ವೇದಿಕೆಯಲ್ಲಿ ಅಭ್ಯರ್ಥಿಯೂ ಇದ್ದರು. 1989ರಲ್ಲಿ ಬಾಂಬೆ ಹೈಕೋರ್ಟ್ ಗೆಲುವನ್ನು ರದ್ದು ಮಾಡಿತು, 1995ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾತಾಡಿದವರಿಗೆ ಕಲಂ 99ರ ನೋಟಿಸ್ ಹೋಗಿ, ಠಾಕ್ರೆ ಅವರು 6 ವರ್ಷ ಮತದಾನದ ಹಕ್ಕು ಕಳೆದುಕೊಂಡರು.

ಇಲ್ಲಿ ಕೀಲಿ ಇರುವುದು 'ಸಮ್ಮತಿ' ಮೇಲೆ. ಭ್ರಷ್ಟ ಆಚರಣೆಯನ್ನು ಅಭ್ಯರ್ಥಿ, ಅವರ ಏಜೆಂಟ್, ಅಥವಾ ಅವರ ಸಮ್ಮತಿಯಿಂದ ಬೇರೆಯವರು ಮಾಡಿರಬೇಕು. ಪ್ರಧಾನಿ ಎಲ್ಲೋ ಮಾತಾಡಿದ್ದು ನಿಮ್ಮ ಸಂಸದರ ಸಮ್ಮತಿಯಿಂದ ಎಂದು ತೋರಿಸಲು ಅಭ್ಯರ್ಥಿ ಅದೇ ವೇದಿಕೆಯಲ್ಲಿ ಇದ್ದದ್ದು, ಮತ ಕೇಳುವಾಗ ಅವರ ಕೈ ಎತ್ತಿಸಿದ್ದು, ಇಂಥವೇ ಆಧಾರ. 2017ರ ಜನವರಿ 2ರ ಅಭಿರಾಮ್ ಸಿಂಗ್ ತೀರ್ಪಿನಿಂದ (7 ನ್ಯಾಯಮೂರ್ತಿಗಳಲ್ಲಿ 4-3) ಅಭ್ಯರ್ಥಿಯ ಧರ್ಮ, ಜಾತಿ, ಭಾಷೆ ಮಾತ್ರವಲ್ಲ, ಮತದಾರರ ಧರ್ಮ, ಜಾತಿ, ಭಾಷೆ ಹೆಸರಲ್ಲಿ ಕೇಳಿದರೂ 123(3) ಬರುತ್ತದೆ. ಆದರೆ 123(4)ರ ಸುಳ್ಳು ಹೇಳಿಕೆ ಅಭ್ಯರ್ಥಿಯ ವೈಯಕ್ತಿಕ ನಡತೆ ಬಗ್ಗೆ ಇರಬೇಕು. ಎದುರಾಳಿ ಪಕ್ಷದ ಪ್ರಣಾಳಿಕೆಯಲ್ಲಿ ಇಲ್ಲದ್ದನ್ನು ಇದೆ ಎಂದರೆ ಅದು ಇಲ್ಲಿಗೆ ಬರುವುದಿಲ್ಲ.

1975ರ ಜೂನ್ 12ರ ಅಲಹಾಬಾದ್ ತೀರ್ಪನ್ನು ಇದಕ್ಕೆ ಉದಾಹರಣೆ ಕೊಡುವವರಿದ್ದಾರೆ. ಇಂದಿರಾ ಗಾಂಧಿ ಗೆಲುವು ರದ್ದಾದದ್ದು ಏನು ಮಾತಾಡಿದರು ಎಂಬುದಕ್ಕಲ್ಲ. ವೇದಿಕೆ ಕಟ್ಟಿಸಲು ಸರ್ಕಾರಿ ಅಧಿಕಾರಿಗಳ ನೆರವು ಪಡೆದದ್ದು, ಸರ್ಕಾರಿ ನೌಕರಿಯಲ್ಲಿದ್ದವರನ್ನು ಚುನಾವಣಾ ಕೆಲಸಕ್ಕೆ ಬಳಸಿದ್ದು, ಅಂದರೆ 123(7).

ವಿಎಸ್‌ಟಿ_ಕ್ಯಾಮೆರಾ:

ಸಮ್ಮತಿಗೆ ಕಾಗದದ ಸಾಕ್ಷಿ ಖರ್ಚಿನ ಲೆಕ್ಕದಲ್ಲೇ ಸಿಗುತ್ತದೆ. ತಾರಾ ಪ್ರಚಾರಕರ ಜೊತೆ ಅಭ್ಯರ್ಥಿ ವೇದಿಕೆ ಹಂಚಿಕೊಂಡರೆ ಅಥವಾ ಅಭ್ಯರ್ಥಿಯ ಫೋಟೊ, ಹೆಸರು ಅಲ್ಲಿದ್ದರೆ, ನಾಯಕರ ಓಡಾಟದ ಖರ್ಚು ಬಿಟ್ಟು ಸಭೆಯ ಉಳಿದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ. ಇಬ್ಬರು ಮೂವರು ಅಭ್ಯರ್ಥಿಗಳಿದ್ದರೆ ಸಮವಾಗಿ ಹಂಚಿಕೆ. ಅಭ್ಯರ್ಥಿಯ ಖರ್ಚನ್ನು ಆಡಳಿತ ತಾನೇ ಬರೆದಿಡುವ ನೆರಳು ರಿಜಿಸ್ಟರ್‌ನಲ್ಲಿ ಆ ಸಭೆ ದಾಖಲಾಗಿರುತ್ತದೆ, ಅಭ್ಯರ್ಥಿ ತಾವೇ ಸಹಿ ಮಾಡಿ ಕೊಟ್ಟ ಲೆಕ್ಕದಲ್ಲೂ ಇದ್ದರೆ ಸಭೆ ನನ್ನದಲ್ಲ ಎನ್ನಲು ಬರುವುದಿಲ್ಲ.

ವಿಡಿಯೊದ ಪ್ರತಿಯನ್ನು ಕೋರ್ಟಿಗೆ ಹಾಕುವಾಗ ಪ್ರಮಾಣಪತ್ರ ಕಡ್ಡಾಯ. 2020ರ ಜುಲೈ 14ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪು ಇದನ್ನು ಗಟ್ಟಿ ಮಾಡಿತು, ಅದೂ ಚುನಾವಣಾ ತಕರಾರಿನದೇ. ಆಗ ಸಾಕ್ಷ್ಯ ಕಾಯ್ದೆಯ 65ಬಿ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4). ಈಗಿನ ನಮೂನೆಯಲ್ಲಿ ಎ ಮತ್ತು ಬಿ ಎಂದು ಎರಡು ಭಾಗ, ಎರಡನೆಯದನ್ನು ತಜ್ಞರು ತುಂಬಬೇಕು, ಫೈಲಿನ ಹ್ಯಾಶ್ ಮೌಲ್ಯ (ಡಿಜಿಟಲ್ ಬೆರಳಚ್ಚು ಇದ್ದ ಹಾಗೆ) ಬರೆಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ಕುಗ್ಗಿ ಬರುತ್ತದೆ, ಹ್ಯಾಶ್ ಬದಲಾಗುತ್ತದೆ. ಮೂಲ ಫೈಲು ಯಾವ ಫೋನಿನಲ್ಲಿ ತೆಗೆದದ್ದೋ ಅದರಲ್ಲೇ ಉಳಿಸಿ, ಕೇಬಲ್ ಹಾಕಿ ಪ್ರತಿ ತೆಗೆಯಿರಿ.

ಮತಪಟ್ಟಿ_ಮಂಜ:

ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಲು ಇರುವ 45 ದಿನ ಅಂದರೆ ಎಲ್ಲಿಂದ? ಮತದಾನದ ದಿನದಿಂದಲೋ, ಎಣಿಕೆ ದಿನದಿಂದಲೋ?

ಕಲಂ_ನೋಡಿ:

ಗೆದ್ದವರ ಹೆಸರು ಘೋಷಣೆಯಾದ ದಿನದಿಂದ. 2023ರ ವಿಧಾನಸಭೆಗೆ ಮೇ 13ರಿಂದ ಎಣಿಸಿ ಜೂನ್ 27, 2024ರ ಲೋಕಸಭೆಗೆ ಜೂನ್ 4ರಿಂದ ಜುಲೈ 19. ತಡ ಮನ್ನಾ ಇಲ್ಲ, ಅವಧಿ ಕಾಯ್ದೆಯ 5ನೇ ಕಲಂ ಇಲ್ಲಿ ನಡೆಯುವುದಿಲ್ಲ. ಅರ್ಜಿದಾರರು ಆ ಕ್ಷೇತ್ರದ ಮತದಾರರೋ ಅಭ್ಯರ್ಥಿಯೋ ಆಗಿರಬೇಕು. ಭದ್ರತಾ ಠೇವಣಿ 2,000 ರೂಪಾಯಿ ಅರ್ಜಿಯ ಜೊತೆಗೇ ಕಟ್ಟಬೇಕು. ಭ್ರಷ್ಟ ಆಚರಣೆ ಆರೋಪ ಇದ್ದರೆ ನಮೂನೆ 25ರ ಪ್ರಮಾಣಪತ್ರ ಬೇಕು, ಯಾವ ದಿನ, ಯಾವ ಜಾಗ, ಯಾರು ಏನೆಂದರು ಎಂಬುದು ಅರ್ಜಿಯಲ್ಲೇ ಇರಬೇಕು.

ಕ್ಯಾಮೆರಾ ಅವರು ಹೇಳಿದ ಖರ್ಚಿನ ಲೆಕ್ಕ ಅಭ್ಯರ್ಥಿ ಕೊಡಬೇಕಾದ್ದು ಫಲಿತಾಂಶದ 30 ದಿನದೊಳಗೆ. ಅಂದರೆ ಕೊನೆಯ ದಿನದವರೆಗೆ ಅವರು ಕಾದರೆ ನಿಮಗೆ ಉಳಿಯುವುದು 15 ದಿನ. ಲೆಕ್ಕದ ಪ್ರತಿಗೆ ಜಿಲ್ಲಾ ಚುನಾವಣಾಧಿಕಾರಿ ಕಚೇರಿಯಲ್ಲಿ ಅರ್ಜಿ 31ನೇ ದಿನವೇ ಬೀಳಬೇಕು, ನೆರಳು ರಿಜಿಸ್ಟರ್‌ನ ಪ್ರತಿಯನ್ನೂ ಅದೇ ಅರ್ಜಿಯಲ್ಲಿ ಕೇಳಿ.